ಎಲೆ ಮುಂದೆ ಕೂತ ಬಸ್ಸು

ಬಸ್ಸಿನಲ್ಲಿ ಕೂತ ಮನುಷ್ಯ ಯಾವಾಗ ಏಳಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ರಾಜ್ಯಗಳು ಕಟ್ಟಿದ್ದು, ಕೆಟ್ಟದ್ದು, ಸಭೆಗಳು ನಡೆದದ್ದು, ಮುರಿದದ್ದು, ಎಲ್ಲವೂ ಕೊನೆಗೆ ಕೂತವರು ಎದ್ದರೋ ಇಲ್ಲವೋ ಎಂಬುದರ ಮೇಲೇ ನಿಂತ ಸಂಗತಿಗಳು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ರಸ್ತೆಯಲ್ಲಿ, ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದ ಮೇಲೆ, ಒಂದು ಭಾನುವಾರ ಈ ಪ್ರಶ್ನೆ ತನ್ನ ಪೂರ್ಣ ಗಾಂಭೀರ್ಯದಲ್ಲಿ ಎದುರಾಯಿತು. ಅದಕ್ಕೆ ಉತ್ತರ ಸಿಗದೆ ಹೋಗಿದ್ದರೆ ಒಂದು ಹೆಣ್ಣಿನ ನಿಶ್ಚಯ ಮುರಿದು ಬೀಳುತ್ತಿತ್ತು.

ಹೆಣ್ಣು ಗಂಗಾಂಬಿಕೆ. ಅವಳ ತಂದೆ ಶಂಭುಲಿಂಗಪ್ಪನವರು ಚಾಮರಾಜನಗರದ ಪೇಟೆಯಲ್ಲಿ ಅರಿಸಿನ, ಬೆಲ್ಲದ ಮಂಡಿ ಇಟ್ಟುಕೊಂಡು ನೆಮ್ಮದಿಯಾಗಿದ್ದವರು. ನೆಮ್ಮದಿ ಹೆಚ್ಚಾಗಿಯೋ ಏನೋ ಒಂದು ಹಳೆಯ ಬಸ್ಸನ್ನು ಕೊಂಡರು. ಬಸ್ಸು ರೈಲ್ವೆ ಸ್ಟೇಷನ್ನಿನಿಂದ ಹೊರಟು, ಪೇಟೆಬೀದಿ ಹಾದು, ತೆರಕಣಾಂಬಿಯಲ್ಲಿ ನಿಂತು ನೀರು ಕುಡಿದು, ಗುಂಡ್ಲುಪೇಟೆ ಮುಟ್ಟಿ, ಅದೇ ದಾರಿಯಲ್ಲಿ ತಿರುಗಿ ಬರುತ್ತಿತ್ತು. ಸಂತೆಯ ದಿನ ಅದರ ತಲೆಯ ಮೇಲೂ ಜನ. ಮಿಕ್ಕ ದಿನ ಒಳಗೆ ಡ್ರೈವರ್ ಮಹದೇವಯ್ಯ, ಕಂಡಕ್ಟರ್ ಗೋವಿಂದಯ್ಯ ಮತ್ತು ಕಿಟಕಿಯಿಂದ ಬಂದು ಕೂತ ಧೂಳು. ಆ ಊರುಗಳವರಿಗೆ ನಡೆಯಲು ಕಾಲಿದ್ದವು, ಗಾಡಿ ಕಟ್ಟಲು ಎತ್ತಿದ್ದವು, ಕೆಲಸವಿಲ್ಲದೆ ಪರಸ್ಥಳಕ್ಕೆ ಹೋಗುವ ಅಭ್ಯಾಸ ಇರಲಿಲ್ಲ.

ಗಂಡು ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿನ ಮೇಷ್ಟರು. ಅವನ ಹೆಸರು ಈ ಕತೆಗೆ ಬೇಕಾಗಿಲ್ಲ. ಅವನ ಅಭಿಪ್ರಾಯವನ್ನೂ ಆಗ ಯಾರೂ ಕೇಳಿರಲಿಲ್ಲ. ಕೇಳಬೇಕಾದದ್ದು ಅವನ ದೊಡ್ಡಪ್ಪ ಗಂಗಾಧರಸ್ವಾಮಿಯವರನ್ನು. ಗುಂಡ್ಲುಪೇಟೆಯ ಬಸ್ಸು ನಿಲ್ಲುವ ಜಾಗದ ಎದುರಿಗೇ ಅವರ ಬಟ್ಟೆ ಅಂಗಡಿ. ಹೆಣ್ಣು ನೋಡಲು ಬಂದ ದಿನ ಅವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಬಾಯಿ ಒರೆಸಿಕೊಂಡು, ಹುಡುಗಿ ಒಪ್ಪಿಗೆ ಎಂದರು. ಆಮೇಲೆ ಶಲ್ಯ ಸರಿಮಾಡಿಕೊಂಡು ಒಂದು ಮಾತು ಸೇರಿಸಿದರು.

"ನಿಮ್ಮ ಬಸ್ಸು ದಿನಾ ನಮ್ಮ ಅಂಗಡಿ ಮುಂದ್ಲೇ ನಿಲ್ತದೆ ಸ್ವಾಮಿ. ಗಾಳಿ ತಂದು ಇಳುಸ್ತದೆ, ಗಾಳಿ ಹತ್ತುಸ್ಕಂಡು ಹೋಯ್ತದೆ. ಖಾಲಿ ಬಸ್ಸಿನೋರ ಮನೇಲಿ ಹೆಣ್ಣು ತಂದ್ರು ಅಂತ ನಾಳೆ ನಾಕು ಜನ ನಗಬಾರ್ದಲ್ವಾ?"

ಶಂಭುಲಿಂಗಪ್ಪನವರು ನಕ್ಕರು. ಆ ನಗು ರಾತ್ರಿಯ ಊಟವನ್ನೂ ನಿದ್ದೆಯನ್ನೂ ತಿಂದುಹಾಕಿತು. ವೀಳ್ಯ ಬದಲಾಯಿಸುವ ಶಾಸ್ತ್ರ ಮುಂದಿನ ಭಾನುವಾರಕ್ಕೆ ಗೊತ್ತಾಗಿತ್ತು. ಗಂಡಿನ ಕಡೆಯವರನ್ನು ತಮ್ಮ ಬಸ್ಸಿನಲ್ಲೇ ಕರೆತರುವುದೆಂದೂ ಮಾತಾಗಿತ್ತು. ಬಸ್ಸು ಅವತ್ತೊಂದು ದಿನವಾದರೂ ತುಂಬಿರಬೇಕು. ಗಂಗಾಧರಸ್ವಾಮಿಯವರು ತಮ್ಮ ಅಂಗಡಿಯ ಗದ್ದಿಗೆಯ ಮೇಲಿಂದ ಅದನ್ನು ನೋಡಬೇಕು. ಬೊಂಬಾಯಿಯಂಥ ಕಡೆ ಒಂದು ಸಲ ದುಡ್ಡು ಕೊಟ್ಟರೆ ದಿನವೆಲ್ಲ ಎಷ್ಟು ಸಲವಾದರೂ ಓಡಾಡುವ ಪಾಸು ಉಂಟು ಎಂದು ಶಂಭುಲಿಂಗಪ್ಪನವರಿಗೆ ಯಾವುದೋ ಛತ್ರದಲ್ಲಿ ಪಕ್ಕದಲ್ಲಿ ಮಲಗಿದ್ದವರೊಬ್ಬರು ಹೇಳಿದ್ದರು. ಹೇಳಿದವರು ಬೊಂಬಾಯಿ ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಶಂಭುಲಿಂಗಪ್ಪನವರು ಹಳದಿ ರಟ್ಟನ್ನು ಚೌಕವಾಗಿ ಕತ್ತರಿಸಿ, ಮಂಡಿಯ ಮೊಹರು ಒತ್ತಿಸಿ, ಭಾನುವಾರದಿಂದ ದಿನದ ಪಾಸು ಎಂದು ಸುತ್ತಲ ಊರುಗಳಲ್ಲಿ ತಮಟೆ ಹೊಡೆಸಿದರು.

ತಮಟೆ ಕೇಳಿ ಜನ ಮಂಡಿಗೆ ಬಂದರು. ಪಾಸು ಕೊಳ್ಳಲು ಅಲ್ಲ, ಕೇಳಲು. ಒಂದೇ ದುಡ್ಡಿಗೆ ಎಷ್ಟೋ ಸಲ ಕರೆದುಕೊಂಡು ಹೋಗುತ್ತೇನೆ ಎನ್ನುವ ಸಾವ್ಕಾರರನ್ನು ಅವರು ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಎಂದುಕೊಂಡರು. ಎರಡನೆಯ ಸಲ ದುಡ್ಡು ಕೇಳುವುದಿಲ್ಲವೇ ಎಂದರು. ಮೂರನೆಯ ಸಲವೂ ಕೇಳುವುದಿಲ್ಲವೇ ಎಂದರು. ಎಲ್ಲಿಯವರೆಗೆ ಕೇಳುವುದಿಲ್ಲ ಎಂದರು. ಶಂಭುಲಿಂಗಪ್ಪನವರು ಹೇಳಿ ಹೇಳಿ ಗಂಟಲು ಒಣಗಿ, ಕೊನೆಗೆ ಎಲ್ಲರಿಗೂ ತಿಳಿಯುವ ಹಾಗೆ ಒಂದು ಮಾತಿನಲ್ಲಿ ಮುಗಿಸಿದರು.

"ನೋಡ್ರಪ್ಪ, ಇದು ಮದ್ವೆ ಮನೆ ಊಟ ಇದ್ದಂಗೆ. ಎಲೆ ಮುಂದೆ ಕುಂತ್ಮೇಲೆ ಎಷ್ಟು ಬೇಕೋ ಅಷ್ಟು ಉಣ್ಣಿ. ಯಾರಾದ್ರೂ ತುತ್ತು ಎಣುಸ್ತಾರಾ?"

ಆಗ ಎಲ್ಲರಿಗೂ ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತು ಎಂಬುದು ಭಾನುವಾರ ಗೊತ್ತಾಯಿತು.

ಬೆಳಗಿನ ಮೊದಲ ಟ್ರಿಪ್ಪಿಗೇ ಬಸ್ಸು ತುಂಬಿತು. ಬದನಗುಪ್ಪೆಯಿಂದ ಹೊತ್ತು ಹುಟ್ಟುವ ಮುಂಚೆ ನಡೆದು ಬಂದಿದ್ದ ದೊಡ್ಡಬೀರಯ್ಯ ಮುಂದಿನ ಸೀಟು ಹಿಡಿದ. ಅವನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ ಬಂದಿದ್ದ. ಬಸ್ಸಿನಲ್ಲಿದ್ದವರಲ್ಲೆಲ್ಲ ಹಿರಿಯ ಅವನೇ. ಅವನ ಹಿಂದೆ ಕರಿಯಮ್ಮ, ಕಂಕುಳಲ್ಲಿ ಕೋಳಿ ಇಟ್ಟುಕೊಂಡು. ತೆರಕಣಾಂಬಿಯಲ್ಲಿದ್ದ ಬಾಣಂತಿ ಮಗಳಿಗೆ ಆ ಕೋಳಿಯನ್ನು ಕೊಟ್ಟು ಬರುವುದು ಅವಳ ಉದ್ದೇಶ. ಎಲ್ಲರೂ ಹಳದಿ ಪಾಸನ್ನು ತೊಡೆಯ ಮೇಲೆ ಹಾಸಿ, ನೆಟ್ಟಗೆ ಕೂತರು.

ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಹರವೆಯ ಒಬ್ಬ ಬೀಡಿ ಹಚ್ಚಲು ಕೆಳಗಿಳಿದ. ಹಚ್ಚಿ, ಎರಡು ದಮ್ಮು ಎಳೆದು, ಮತ್ತೆ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟ. ಒಳಗಿದ್ದವರು ಅವನನ್ನೇ ನೋಡಿದರು. ಎದ್ದ ಎಲೆಗೆ ಮತ್ತೆ ಬಂದು ಕೂರುತ್ತೀಯೇನಯ್ಯ ಎಂದು ಯಾರೋ ಕೇಳಿದರು. ಪಾಸು ಸಂಜೆಯವರೆಗೂ ನಡೆಯುತ್ತದೆ, ಹತ್ತು ಎಂದು ಗೋವಿಂದಯ್ಯ ಎಷ್ಟೋ ಹೇಳಿದ. ಆದರೆ ಆ ಮನುಷ್ಯ ಮರ್ಯಾದಸ್ಥ. ತನ್ನಿಂದ ಏನಾಯಿತು ಎಂದು ತಿಳಿದ ಕೂಡಲೇ ತಲೆ ತಗ್ಗಿಸಿ, ಕಾಲು ಹಿಂದೆಗೆದು, ಹರವೆಯ ಕಡೆ ನಡೆದುಹೋದ. ಅದನ್ನು ನೋಡಿದ ಮೇಲೆ ಯಾರೂ ಇಳಿಯಲಿಲ್ಲ.

ಕರಿಯಮ್ಮನೂ ಇಳಿಯಲಿಲ್ಲ. ಮಗಳು ಕೂಸನ್ನು ಎದೆಗೊರಗಿಸಿಕೊಂಡು ರಸ್ತೆಯ ಪಕ್ಕ ಬಂದು ನಿಂತಿದ್ದಳು. ಕಿಟಕಿಯಿಂದಲೇ ಕೂಸಿಗೆ ಹೊಟ್ಟೆನೋವು ಹೇಗಿದೆ ಎಂದು ಕರಿಯಮ್ಮ ಕೇಳಿದಳು. ಮಗಳು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ಗುಂಡ್ಲುಪೇಟೆಗೆ ಹೋಗಿ ವಾಪಸು ಬರುವಾಗ ಮಗಳು ಅಲ್ಲೇ ನಿಂತಿದ್ದು, ವಾಸಿ ಎಂದಳು. ಹಾಗಾದರೆ ಏನು ಕೊಟ್ಟೆ ಎಂದು ಕೇಳುವುದಕ್ಕೆ ಕರಿಯಮ್ಮ ಚಾಮರಾಜನಗರದವರೆಗೂ ಹೋಗಿ ಮತ್ತೆ ಬರಬೇಕಾಯಿತು. ಕೋಳಿಯನ್ನು ಕಿಟಕಿಯಿಂದ ಕೊಡಬಹುದಿತ್ತು. ಆದರೆ ತವರಿನ ಕೋಳಿಯನ್ನು ಹೊಸಲು ದಾಟಿಸಿ ಕೊಡಬೇಕೇ ಹೊರತು ಕಿಟಕಿ ದಾಟಿಸಿ ಕೊಡುವುದಿಲ್ಲ ಎಂದು ಅವಳು ಅಕ್ಕಪಕ್ಕದವರಿಗೆ ವಿವರಿಸಿದಳು. ಅವರು ಒಪ್ಪಿದರು.

ಬಸ್ಸು ಒಂದು ಸುತ್ತು ಮುಗಿಸಿ ಬಂದಾಗ ಶಂಭುಲಿಂಗಪ್ಪನವರು ಜರಿ ಪೇಟ ಕಟ್ಟಿಕೊಂಡು ಪೇಟೆಬೀದಿಯಲ್ಲಿ ಕಾಯುತ್ತಿದ್ದರು. ಜೊತೆಯಲ್ಲಿ ಅವರ ಹೆಂಡತಿ ಪುಟ್ಟಬಸಮ್ಮ. ಗಂಡಿನ ಕಡೆಯವರನ್ನು ಕುಂಕುಮವಿಟ್ಟು ಕರೆಯಬೇಕಾಗಿದ್ದರಿಂದ ಅವರ ಒಂದು ಕೈಯಲ್ಲಿ ವೀಳ್ಯದೆಲೆಯ ತಟ್ಟೆ. ಬಿಸಿಲಿನಲ್ಲಿ ಬರುವ ಬೀಗರಿಗೆ ದಾರಿಯಲ್ಲಿ ಬೇಕಾಗುತ್ತದೆಂದು ಸೊಂಟದ ಮೇಲೆ ದೊಡ್ಡ ಹಿತ್ತಾಳೆ ಕೊಳದಪ್ಪಲೆ. ಅದರ ತುಂಬ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಹಾಕಿದ ಮಜ್ಜಿಗೆ. ಮನೆಯಲ್ಲಿದ್ದ ಮೊಸರನ್ನೆಲ್ಲ ಕಡೆದು ಅದಕ್ಕೇ ಸುರಿದಿದ್ದರು.

ತುಂಬಿದ ಬಸ್ಸನ್ನು ನೋಡಿ ಶಂಭುಲಿಂಗಪ್ಪನವರ ಕಣ್ಣು ತೇವವಾಯಿತು. ಪುಟ್ಟಬಸಮ್ಮ ಡ್ರೈವರ ಪಕ್ಕದ ಯಜಮಾನರ ಸೀಟಿನಲ್ಲಿ ಮಜ್ಜಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಯಜಮಾನರಿಗೆ ಸೀಟಿರಲಿಲ್ಲ, ತಮ್ಮದೇ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗುವುದರಲ್ಲಿ ಅವರಿಗೆ ಏನೋ ಸುಖವಿತ್ತು.

ಗೋವಿಂದಯ್ಯ ಅವರ ಕಿವಿಯ ಹತ್ತಿರ ಬಾಗಿ, "ಯಾರೂ ಇಳೀತಿಲ್ಲ ಸಾವ್ಕಾರ್ರೇ," ಎಂದ.

"ಇಳೀದೆ ಎಲ್ಲಿಗೋದಾರು? ಗುಂಡ್ಲುಪೇಟೇಲಿ ಇಳೀತಾರೆ ಬುಡು."

"ಗುಂಡ್ಲುಪೇಟೆ ಒಂದ್ಸಲ ನೋಡ್ಕಂಡು ಬಂದವ್ರೇ ಇವ್ರೆಲ್ಲ."

ಶಂಭುಲಿಂಗಪ್ಪನವರಿಗೆ ಗಾಳಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲು ಅದು ಒಳ್ಳೆಯ ಹೊತ್ತಾಗಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಗಂಡಿನ ಕಡೆಯವರು ಅಂಗಡಿಯ ಮುಂದೆ ರೇಷ್ಮೆ ಪೇಟ, ರೇಷ್ಮೆ ಸೀರೆಗಳಲ್ಲಿ ಸಾಲಾಗಿ ನಿಂತಿದ್ದರು. ಗಂಗಾಧರಸ್ವಾಮಿಯವರು ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. ತುಂಬಿತ್ತು. ಅವರ ಮುಖದಲ್ಲಿ ಒಂದು ಬಗೆಯ ಗೌರವ ಕಾಣಿಸಿಕೊಂಡಿತು. ಶಂಭುಲಿಂಗಪ್ಪನವರು ಬದುಕಿನಲ್ಲಿ ಬಯಸಿದ್ದು ಅಷ್ಟೇ, ಅದು ಅವರಿಗೆ ಸುಮಾರು ಒಂದು ನಿಮಿಷದ ಕಾಲ ಸಿಕ್ಕಿತು.

ಆಮೇಲೆ ಗೋವಿಂದಯ್ಯ, ಬೀಗರು ಬರುತ್ತಿದ್ದಾರೆ, ಸ್ವಲ್ಪ ಇಳಿದು ಜಾಗ ಬಿಡಿ ಎಂದ. ಯಾರೂ ಅಲ್ಲಾಡಲಿಲ್ಲ. ಶಂಭುಲಿಂಗಪ್ಪನವರೇ ಒಳಗೆ ಹೋಗಿ ಕೈಮುಗಿದು ಕೇಳಿದರು. ಇಳಿದವರು ಆಮೇಲೆ ಮತ್ತೆ ಹತ್ತಬಹುದು, ಪಾಸು ಕೆಡುವುದಿಲ್ಲ, ಮುಂದಿನ ಟ್ರಿಪ್ಪಿನಲ್ಲಿ ಮೊದಲು ನಿಮಗೇ ಜಾಗ ಎಂದರು. ಎಲ್ಲರೂ ದೊಡ್ಡಬೀರಯ್ಯನ ಕಡೆ ನೋಡಿದರು. ಪಂಕ್ತಿಯಲ್ಲಿ ಹಿರಿಯರು ಏಳುವ ಮುಂಚೆ ಕಿರಿಯರು ಏಳುವುದಿಲ್ಲ.

ದೊಡ್ಡಬೀರಯ್ಯ ತೊಡೆಯ ಮೇಲಿದ್ದ ಪಾಸನ್ನು ಒಂದು ಸಲ ಸವರಿದ. "ನೀವೇ ಯೋಳಿದ್ರಿ ಸಾವ್ಕಾರ್ರೇ, ಎಲೆ ಮುಂದೆ ಕುಂತಂಗೆ ಅಂತವ. ಅರ್ಧ ಊಟುಕ್ಕೆ ಏಳಿ ಅಂದ್ರೆ ಎದ್ದೇಳ್ತೀವಿ, ನಮ್ದೇನು. ಆದ್ರೆ ಆ ಮಾತು ನಿಮ್ಮ ಬಾಯಲ್ಲಿ ಬರ್ಬೇಕು. ಏಳಿ ಅನ್ನಿ."

ಶಂಭುಲಿಂಗಪ್ಪನವರು ಬಾಯಿ ತೆರೆದರು. ಅವರದು ತಲೆಮಾರುಗಳಿಂದ ಅನ್ನ ಹಾಕಿದ ಮನೆ. ಶಿವರಾತ್ರಿಯ ಮಾರನೆಯ ದಿನ ದಾಸೋಹಕ್ಕೆ ಬಂದವರು ಸಾಲು ಸಾಲಾಗಿ ಉಂಡು ಹೋಗುತ್ತಿದ್ದರು. ತುತ್ತು ಕೈಯಲ್ಲಿರುವಾಗ ಯಾರನ್ನೂ ಆ ಮನೆ ಎಬ್ಬಿಸಿರಲಿಲ್ಲ. ಆ ಮಾತು ಹೊರಗೆ ಬರುವುದೋ ಇಲ್ಲವೋ ಎಂದು ಕಾಯುತ್ತಿದ್ದ ಗಂಗಾಧರಸ್ವಾಮಿಯವರು ಮೆಟ್ಟಿಲ ಹತ್ತಿರ ಬಂದು, ಮೆಲ್ಲನೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಯೋಚ್ನೆ ಮಾಡಿ ಮಾತಾಡಿ ಸ್ವಾಮಿ. ಎಲೆ ಮುಂದೆ ಕುಂತೋರ್ನ ಎಬ್ಬುಸೋ ಮನೆಗೆ ನಾವು ವೀಳ್ಯ ಹಿಡ್ಕಂಡು ಬರಕಾಗಲ್ಲ."

ಹಾಗಾದರೆ ಇವರನ್ನು ಹೀಗೇ ಕೂರಿಸಿಕೊಂಡು ಹೋದರೆ ತಾವು ಹೇಗೆ ಬರುತ್ತೀರಿ ಎಂದು ಶಂಭುಲಿಂಗಪ್ಪನವರು ಕೇಳಿದರು. ಅದು ತಮಗೂ ತಿಳಿಯುತ್ತಿಲ್ಲ ಎಂದು ಗಂಗಾಧರಸ್ವಾಮಿಯವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಭಾನುವಾರ ರಾಹುಕಾಲ ಸಾಯಂಕಾಲಕ್ಕಿತ್ತು. ಅದು ಹುಟ್ಟುವ ಮುಂಚೆ ಶಾಸ್ತ್ರ ಆಗಬೇಕಿತ್ತು. ತಪ್ಪಿದರೆ ಮುಂದಿನ ದಿನ ನೋಡುವಷ್ಟು ತಾಳ್ಮೆ ಗಂಡಿನ ಕಡೆಯಲ್ಲಿ ಇರಲಿಲ್ಲ; ಮದ್ದೂರಿನ ಕಡೆಯ ಇನ್ನೊಂದು ಹೆಣ್ಣಿನ ಜಾತಕ ಅವರ ಮನೆಯ ಗೂಡಿನಲ್ಲೇ ಇತ್ತು. ಇದು ಶಂಭುಲಿಂಗಪ್ಪನವರಿಗೆ ಗೊತ್ತಿತ್ತು. ಅವರು ಬಸ್ಸಿನ ಕಂಬಿ ಹಿಡಿದು ನಿಂತರು. ಬಸ್ಸೊಳಗಿನವರು ಸಂಕೋಚದಿಂದ ಕಿಟಕಿಯ ಹೊರಗೆ ನೋಡಿದರು. ಕೋಳಿ ಮಾತ್ರ ಏನೋ ಹೇಳಿತು.

ಮುಂದಿನಿಂದ ಪುಟ್ಟಬಸಮ್ಮ ಗಂಡನನ್ನು ಕರೆದರು.

"ಎಬ್ಬುಸ್ಬೇಡಿ. ಊಟ ಮುಗ್ಸಿ."

ಶಂಭುಲಿಂಗಪ್ಪನವರಿಗೆ ತಿಳಿಯಲಿಲ್ಲ. ಪುಟ್ಟಬಸಮ್ಮ ಕೊಳದಪ್ಪಲೆಯ ಮುಚ್ಚಳ ತೆಗೆದರು. "ಎಲೆಗೆ ಮಜ್ಜಿಗೆ ಬುಟ್ಮೇಲೆ ಯಾರು ಕುಂತಿರ್ತಾರೆ?"

ಅದು ಬೀಗರಿಗಾಗಿ ತಂದ ಮಜ್ಜಿಗೆ. ಶಂಭುಲಿಂಗಪ್ಪನವರು ಬೀಗರ ಕಡೆ ನೋಡಿದರು, ಮಜ್ಜಿಗೆಯ ಕಡೆ ನೋಡಿದರು, ತಲೆಯಾಡಿಸಿದರು. ಪುಟ್ಟಬಸಮ್ಮ ಸೆರಗು ಸಿಕ್ಕಿಸಿ ಎದ್ದರು.

ಪಂಕ್ತಿ ಅಂದ ಮೇಲೆ ಹಿರಿಯನಿಂದಲೇ ಶುರುವಾಗಬೇಕು. ದೊಡ್ಡಬೀರಯ್ಯ ಸಾವ್ಕಾರರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದ. ಕೊಟ್ಟಿಗೆಯ ಪಕ್ಕದ ಜಗಲಿಯ ಮೇಲೆ, ಎಲ್ಲರದೂ ಆದ ಮೇಲೆ. ಇವತ್ತು ಅವನು ಮೊದಲ ಎಲೆಯಲ್ಲಿ ಕೂತಿದ್ದ. ಪುಟ್ಟಬಸಮ್ಮನ ಕೈಯಲ್ಲಿದ್ದ ಲೋಟ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಬೀಗರ ಸಾಲಿನಲ್ಲಿದ್ದವರಿಗೆ ಆಗಲೇ ಬಸ್ಸಿನ ಟೈರುಗಳಲ್ಲಿ ಆಸಕ್ತಿ ಹುಟ್ಟಿತು. ಲೋಟ ಬಾಗಿತು, ದೊಡ್ಡಬೀರಯ್ಯ ಬೊಗಸೆಯೊಡ್ಡಿ ಕುಡಿದ. ಆಮೇಲೆ ಕರಿಯಮ್ಮ, ಆಮೇಲೆ ಮಿಕ್ಕವರು, ಕೊನೆಯ ಸೀಟಿನವರೆಗೆ. ಶಂಭುಲಿಂಗಪ್ಪನವರು ಹಿಂದೆ ಹಿಂದೆ ನಡೆಯುತ್ತ, ಸಾವಕಾಶವಾಗಿ ಆಗಲಿ, ಸಾವಕಾಶವಾಗಿ ಆಗಲಿ ಎಂದು ಉಪಚಾರದ ಮಾತು ಹೇಳಿದರು. ಅವರಿಗೆ ಬೇಕಾಗಿದ್ದದ್ದು ಅದಲ್ಲ, ಆದರೆ ಆ ಹೊತ್ತಿಗೆ ಬೇರೆ ಮಾತು ಇಲ್ಲ.

ಹಿಂದಿನ ಸೀಟಿನಲ್ಲಿ ಒಬ್ಬ, ಇನ್ನೊಂದು ಚೂರು ತೆರಕಣಾಂಬಿ ಬಡಿಸಿದ್ದರೆ ಚೆನ್ನಾಗಿತ್ತು ಎಂದ. ಅವನ ಹೆಂಡತಿ ಅವನನ್ನು ಮೊಣಕೈಯಿಂದ ತಿವಿದಳು. "ಮಜ್ಜಿಗೆ ಕುಡುದ್ಮ್ಯಾಲೆ ಸಾರು ಕೇಳ್ತಾರಾ? ಮಾನ ಕಳೀಬ್ಯಾಡ ಎದ್ದೇಳು."

ದೊಡ್ಡಬೀರಯ್ಯ ಎದ್ದ. ಎಲ್ಲರೂ ಒಟ್ಟಿಗೆ ಎದ್ದರು. ಡ್ರೈವರ್ ಮಹದೇವಯ್ಯನಿಗೂ ಒಂದು ಲೋಟ ಸಿಕ್ಕಿದ್ದರಿಂದ ಅವನೂ ಎದ್ದು ಇಳಿದುಹೋಗಿದ್ದ. ನೀನು ಬಡಿಸುವವನು, ಉಣ್ಣುವವನಲ್ಲ ಎಂದು ಹೇಳಿ ಅವನನ್ನು ಹಿಂದಕ್ಕೆ ಕರೆತರಬೇಕಾಯಿತು. ಇಳಿದವರೆಲ್ಲ ಹೋಟೆಲಿನ ಮುಂದಿನ ತೊಟ್ಟಿಯಲ್ಲಿ ಕೈ ತೊಳೆದು, ಪುಟ್ಟಬಸಮ್ಮ ಕೊಟ್ಟ ವೀಳ್ಯದೆಲೆ ಹಾಕಿಕೊಂಡು, ತೃಪ್ತರಾಗಿ ಮರದ ನೆರಳಿನಲ್ಲಿ ಕೂತರು. ಕರಿಯಮ್ಮ ಮಾತ್ರ ಕೋಳಿಯನ್ನು ನೋಡಿಕೊಂಡು, ಮೂರು ಸಲ ಮಗಳ ಮನೆ ದಾಟಿ ಬಂದು ಗುಂಡ್ಲುಪೇಟೆಯಲ್ಲಿ ಕೈ ತೊಳೆದೆನಲ್ಲ ಎಂದು ಯೋಚಿಸುತ್ತಿದ್ದಳು.

ಬೀಗರು ಕೂಡಲೇ ಹತ್ತಲಿಲ್ಲ. ಉಂಡು ಎದ್ದ ಜಾಗವನ್ನು ಸಾರಿಸದೆ ಅಲ್ಲೇ ಇನ್ನೊಂದು ಪಂಕ್ತಿ ಕೂರಿಸುವುದು ಎಲ್ಲಿಯ ಪದ್ಧತಿ ಎಂದು ಗಂಡಿನ ಸೋದರತ್ತೆ ಕೇಳಿದರು. ಗೋವಿಂದಯ್ಯ ಗೋಣಿತಾಟು ಒದ್ದೆ ಮಾಡಿ ಸೀಟುಗಳನ್ನೆಲ್ಲ ಒರೆಸಿದ. ಸಗಣಿ ಹಾಕಲಿಲ್ಲ, ಅಷ್ಟೇ. ಗಂಡಿನ ಕಡೆಯವರು ಹತ್ತಿ ಕೂತರು. ಕಷ್ಟ ಕಳೆದ ಸಂತೋಷದಲ್ಲಿ ಶಂಭುಲಿಂಗಪ್ಪನವರು ಜೇಬಿಗೆ ಕೈ ಹಾಕಿ, ಮಿಕ್ಕಿದ್ದ ಹಳದಿ ಪಾಸುಗಳನ್ನು ತೆಗೆದು, ಮರ್ಯಾದೆಗೆಂದು ಬೀಗರಿಗೆ ಒಂದೊಂದು ಹಂಚಿದರು.

ಪುಟ್ಟಬಸಮ್ಮ ಅದನ್ನು ತಿರುಗಿ ನೋಡುವಷ್ಟರಲ್ಲಿ ಹಂಚಿ ಆಗಿತ್ತು.

ಚಾಮರಾಜನಗರದಲ್ಲಿ ಬಸ್ಸು ಮನೆಯ ಚಪ್ಪರದ ಮುಂದೆಯೇ ನಿಂತಿತು. ಶಂಭುಲಿಂಗಪ್ಪನವರು ಇಳಿದು, ಬನ್ನಿ ಎಂದರು. ಯಾರೂ ಬರಲಿಲ್ಲ. ಒಳಗೆ ಗಂಡಿನ ಕಡೆಯವರು ತೊಡೆಯ ಮೇಲೆ ಪಾಸು ಹಾಸಿಕೊಂಡು ನೆಟ್ಟಗೆ ಕೂತಿದ್ದರು. ಗಂಗಾಧರಸ್ವಾಮಿಯವರ ಮುಖದಲ್ಲಿ ಹಟವಿರಲಿಲ್ಲ. ಒಂದು ಬಗೆಯ ಅಸಹಾಯಕತೆ ಇತ್ತು. ಅವರು ಮೊದಲ ಸೀಟಿನಲ್ಲಿದ್ದರು. ಈ ಪಂಕ್ತಿಗೆ ಅವರೇ ಹಿರಿಯರು.

"ನಾವಾಗೇ ಎದ್ರೆ ಊಟ ಸೇರ್ಲಿಲ್ಲ ಅಂತ ಆಯ್ತದೆ. ನಿಮ್ಮನ್ನ ಅವಮಾನ ಮಾಡ್ದಂಗೆ," ಎಂದರು. "ಕುರಿಯೋರ್ಗೆ ಮಜ್ಜಿಗೆ ಬುಟ್ಟು ನಮ್ಗೆ ಬುಡ್ನಿಲ್ಲ ಅನ್ನೋ ಮಾತೂ ಉಳ್ಕೋತದೆ."

ಪುಟ್ಟಬಸಮ್ಮ ಕೊಳದಪ್ಪಲೆಯನ್ನು ಬೋರಲು ಹಿಡಿದು ತೋರಿಸಿದರು. ಒಂದು ಕೊತ್ತಂಬರಿ ಎಲೆ ಬಿತ್ತು. ಮನೆಯಲ್ಲಿ ಮೊಸರಿಲ್ಲ. ನೆರೆಮನೆಗೆ ಕಳಿಸಿದರು, ನೆರೆಮನೆಯವರೆಲ್ಲ ಬಾಗಿಲು ಹಾಕಿಕೊಂಡು ಇದೇ ಚಪ್ಪರದಡಿ ಬಂದು ಕೂತಿದ್ದರು. ಪುರೋಹಿತರು ಗಡಿಯಾರ ತೆಗೆದು ನೋಡಿದರು, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು, ಮತ್ತೆ ತೆಗೆದರು. ಶಂಭುಲಿಂಗಪ್ಪನವರು ಚಪ್ಪರದ ಕಂಬಕ್ಕೆ ಒರಗಿದರು. ಎರಡೂ ಕಡೆಯವರು ಎದುರುಬದುರು ಇದ್ದು, ತಟ್ಟೆಯಲ್ಲಿ ವೀಳ್ಯವಿದ್ದು, ಯಾರಿಗೂ ಯಾರ ಮೇಲೂ ಕೋಪವಿಲ್ಲದೆ, ನಿಶ್ಚಯ ಮುರಿಯುತ್ತಿತ್ತು.

ಆಗ ಒಳಗಿನಿಂದ ಗಂಗಾಂಬಿಕೆ ಬಂದಳು. ಶಾಸ್ತ್ರಕ್ಕೆ ಕರೆಯುವ ಮುಂಚೆ ಹೆಣ್ಣು ಹೊರಗೆ ಬರುವಂತಿಲ್ಲ. ಬಂದಳು. ಮೈಮೇಲೆ ಹಸಿರು ರೇಷ್ಮೆ ಸೀರೆ, ಕೈಯಲ್ಲಿ ತಂಬಿಗೆ. ಬಸ್ಸಿನ ಮೆಟ್ಟಿಲು ಹತ್ತಿ, ಯಾರ ಮುಖವನ್ನೂ ನೋಡದೆ, ಗಂಗಾಧರಸ್ವಾಮಿಯವರ ಮುಂದೆ ನಿಂತು ತಂಬಿಗೆ ಬಗ್ಗಿಸಿದಳು. ಅವರು ಬೊಗಸೆಯೊಡ್ಡಿದರು.

ಬೆಳಿಗ್ಗೆ ಖಾಲಿಯಾದ ಮೊಸರಿನ ಗಡಿಗೆಗೆ ನೀರು ಸುರಿದು, ಕುಲುಕಿ, ಒಂದು ಹರಳು ಉಪ್ಪು ಹಾಕಿದ್ದಳು. ಬೊಗಸೆಯಲ್ಲಿ ಬಿದ್ದದ್ದರ ಬಣ್ಣ ನೀರಿನದೇ. ಅದರ ತಳದಲ್ಲಿ ಗಂಗಾಧರಸ್ವಾಮಿಯವರಿಗೆ ತಮ್ಮ ಅಂಗೈಯ ರೇಖೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಒಂದು ಸಲ ಆ ರೇಖೆಗಳನ್ನು, ಒಂದು ಸಲ ಆ ಹುಡುಗಿಯನ್ನು ನೋಡಿದರು. ಆಮೇಲೆ ಕುಡಿದರು. ಮೀಸೆ ಒರೆಸಿಕೊಂಡರು.

"ಮಜ್ಜಿಗೆ ಚೆನ್ನಾಗದೆ ಕಣವ್ವ," ಎಂದರು. "ಗಟ್ಟಿಯಾಗದೆ."

ಮಿಕ್ಕವರೂ ಕುಡಿದು, ಗಟ್ಟಿಯಾಗಿದೆ ಎಂದರು. ಗಂಡು ಎರಡನೆಯ ಸಲ ಕೇಳಿ ಕುಡಿದ. ಅವನ ಅಭಿಪ್ರಾಯ ಏನು ಎಂಬುದು ಎಲ್ಲರಿಗೂ ಅವತ್ತೇ ಮೊದಲು ತಿಳಿದದ್ದು. ಗಂಗಾಧರಸ್ವಾಮಿಯವರು ಎದ್ದರು, ಎಲ್ಲರೂ ಒಟ್ಟಿಗೆ ಎದ್ದರು.

ಗುಂಡ್ಲುಪೇಟೆಯಲ್ಲಿ ಉಳಿದವರು ಸಾಯಂಕಾಲದ ಟ್ರಿಪ್ಪಿನಲ್ಲಿ ಟಿಕೆಟ್ಟು ಕೊಂಡು ಊರಿಗೆ ಬಂದರು. ಕರಿಯಮ್ಮ ತೆರಕಣಾಂಬಿಯಲ್ಲಿ ಇಳಿದಳು. ದಿನದ ಪಾಸು ಸೋಮವಾರದಿಂದ ಇರಲಿಲ್ಲ. ವೀಳ್ಯ ಬದಲಾಯಿತು.